ಕಡಿಮೆ ದುಡ್ಡಲ್ಲಿ ಮನೆ ರೆಕಾರ್ಡಿಂಗ್: ಯಾವ ಮೈಕ್ ಕೊಳ್ಳಬೇಕು?

ಕೈಯಲ್ಲಿ ಇರುವುದು ಎರಡೋ ಮೂರೋ ಸಾವಿರ. ಮನೆಯಲ್ಲೇ ಕೂತು ಭಾವಗೀತೆ ಹಾಡಿ ರೆಕಾರ್ಡ್ ಮಾಡಬೇಕು, ಇಲ್ಲಾ ಕಥೆ ಓದಬೇಕು, ಇಲ್ಲಾ ಮಕ್ಕಳಿಗೆ ಪಾಠದ ವಿಡಿಯೊ ಮಾಡಬೇಕು. ಯಾವ ಮೈಕ್ ತಗೊಳ್ಳಲಿ? ಈ ಪ್ರಶ್ನೆ ಇಟ್ಟುಕೊಂಡು ಕೂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಇಂಟರ್ನೆಟ್‌ನಲ್ಲಿ ಸಲಹೆಗೇನೂ ಕೊರತೆ ಇಲ್ಲ. ಆದರೆ ಹೆಚ್ಚಿನವು ಸದ್ದಿಲ್ಲದ ಸ್ಟುಡಿಯೊದಲ್ಲಿ ಕೂತವರು ಕೊಟ್ಟ ಸಲಹೆಗಳು. ನಮ್ಮ ಮನೆಗಳೇ ಬೇರೆ. ಟೈಲ್ಸ್ ನೆಲ, ಬೋಳು ಗೋಡೆ, ತಲೆ ಮೇಲೆ ಫ್ಯಾನ್, ಅಡುಗೆಮನೆಯಲ್ಲಿ ಕುಕ್ಕರ್, ಕಿಟಕಿ ಆಚೆ ಗಾಡಿಗಳು. ಇಂಥ ಮನೆಯಲ್ಲಿ, ಇಷ್ಟು ದುಡ್ಡಿನಲ್ಲಿ, ಸೂಕ್ಷ್ಮವಾದ ಮೈಕ್ ಕೊಳ್ಳುವುದಕ್ಕಿಂತ ಬಾಯಿಗೆ ಹತ್ತಿರ ಇಟ್ಟುಕೊಂಡು ಮಾತಾಡಬಹುದಾದ ಮೈಕ್ ಕೊಳ್ಳುವುದೇ ಸರಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲ ಹೆಜ್ಜೆ: ಏನೂ ಕೊಳ್ಳಬೇಡಿ, ಮನೆಯನ್ನು ಕೇಳಿಸಿಕೊಳ್ಳಿ

ನಿಮ್ಮ ಫೋನ್‌ನಲ್ಲಿರುವ ರೆಕಾರ್ಡರ್ ತೆಗೆಯಿರಿ. ನೀವು ಎಲ್ಲಿ ಕೂತು ರೆಕಾರ್ಡ್ ಮಾಡಬೇಕು ಅಂದುಕೊಂಡಿದ್ದೀರೋ ಅಲ್ಲೇ ಕೂತು, ಒಂದು ನಿಮಿಷ ಸುಮ್ನೆ ಇರಿ. ಆಮೇಲೆ ಜೋರಾಗಿ ಎರಡು ಸಲ ಚಪ್ಪಾಳೆ ಹೊಡೆಯಿರಿ. ಆಮೇಲೆ ಫೋನನ್ನು ಬಾಯಿಂದ ಒಂದು ಗೇಣು ದೂರ ಹಿಡಿದು ನಾಲ್ಕು ಸಾಲು ಓದಿ, ಅದೇ ಸಾಲುಗಳನ್ನು ಒಂದು ಮೊಳ ದೂರ ಹಿಡಿದು ಇನ್ನೊಮ್ಮೆ ಓದಿ. ಈಗ ಇಯರ್‌ಫೋನ್ ಹಾಕಿಕೊಂಡು ಕೇಳಿ.

ನೀವು ಗಮನಿಸಿಯೇ ಇರದ ಎಷ್ಟೋ ಸದ್ದು ಅದರಲ್ಲಿ ಇರುತ್ತದೆ. ಫ್ಯಾನಿನ ಗಾಳಿ, ಹಾಲ್‌ನಲ್ಲಿರುವ ಫ್ರಿಜ್ಜಿನ ಗುಂಯ್ ಶಬ್ದ, ಚಪ್ಪಾಳೆಯ ಹಿಂದೆ ಬರುವ 'ಟಣ್' ಎಂಬ ಬಾಲ. ಆ ಬಾಲ ಗೋಡೆಯಿಂದ ಗೋಡೆಗೆ ಬಡಿದು ಬರುವ ಸದ್ದು. ಒಂದು ಗೇಣಿನಲ್ಲಿ ಓದಿದ್ದಕ್ಕೂ ಒಂದು ಮೊಳದಲ್ಲಿ ಓದಿದ್ದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಒಂದು ಮೊಳ ಅಂದರೆ ಎರಡು ಗೇಣು, ಅಲ್ವಾ? ದೂರ ಎರಡರಷ್ಟಾದಾಗ ನೇರವಾಗಿ ಬರುವ ನಿಮ್ಮ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಫ್ಯಾನು, ಫ್ರಿಜ್ಜು, ಗೋಡೆಯ ಪ್ರತಿಧ್ವನಿ ಮಾತ್ರ ಇದ್ದಷ್ಟೇ ಇರುತ್ತವೆ. ಐವತ್ತು ಸಾವಿರದ ಮೈಕ್ ತಂದರೂ ಈ ಲೆಕ್ಕ ಬದಲಾಗುವುದಿಲ್ಲ.

ಆದ್ದರಿಂದ ಕೋಣೆಯನ್ನು ಸ್ವಲ್ಪ ಸರಿ ಮಾಡಿಕೊಳ್ಳಿ, ಇದಕ್ಕೆ ದುಡ್ಡು ಬೇಡ. ಮನೆಯಲ್ಲಿ ಹಾಸಿಗೆ, ದಿಂಬು, ಬಟ್ಟೆ ಜಾಸ್ತಿ ಇರುವ ರೂಮನ್ನೇ ಆರಿಸಿ. ಬೀರುವಿನ ಬಾಗಿಲು ತೆರೆದಿಟ್ಟರೆ ಒಳಗಿನ ಸೀರೆ, ಬಟ್ಟೆಗಳು ಸದ್ದನ್ನು ಹೀರಿಕೊಳ್ಳುತ್ತವೆ. ದಪ್ಪ ಕಂಬಳಿ ಅಥವಾ ಜಮಖಾನ ಇದ್ದರೆ ಅದನ್ನು ಮೈಕ್‌ನ ಹಿಂದೆ ಅಲ್ಲ, ನಿಮ್ಮ ಬೆನ್ನ ಹಿಂದೆ ತೂಗುಹಾಕಿ. ಎಷ್ಟೋ ಜನ ಇದನ್ನು ಉಲ್ಟಾ ಮಾಡುತ್ತಾರೆ. ಒಂದೇ ಕಡೆಯಿಂದ ಕೇಳಿಸಿಕೊಳ್ಳುವ ಮೈಕ್ ನಿಮ್ಮ ಮುಖದ ಕಡೆ ತಿರುಗಿರುತ್ತದೆ, ಅಂದರೆ ಅದಕ್ಕೆ ಎದುರಾಗಿರುವುದು ನೀವು ಮತ್ತು ನಿಮ್ಮ ಹಿಂದಿನ ಗೋಡೆ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವ ಕೆಲಸಕ್ಕೆ ಮಾತ್ರ ಹೋಗಬೇಡಿ, ಅದರಿಂದ ಹೇಳಿಕೊಳ್ಳುವಂಥ ಉಪಯೋಗ ಇಲ್ಲ.

ಫ್ಯಾನ್ ಆಫ್ ಮಾಡಲೇಬೇಕು. ಬೇಸಿಗೆಯಲ್ಲಿ ಕಷ್ಟ, ಗೊತ್ತು. ಬೆಳಗಿನ ಜಾವ ಅಥವಾ ರಾತ್ರಿ ಎಲ್ಲರೂ ಮಲಗಿದ ಮೇಲೆ ರೆಕಾರ್ಡ್ ಮಾಡುವುದೇ ಒಳ್ಳೆಯ ದಾರಿ.

ಎರಡನೇ ಹೆಜ್ಜೆ: ಡೈನಮಿಕ್ ಬೇಕೋ, ಕಂಡೆನ್ಸರ್ ಬೇಕೋ

ಮೈಕ್‌ಗಳಲ್ಲಿ ಮುಖ್ಯವಾಗಿ ಈ ಎರಡು ಜಾತಿ. ಡೈನಮಿಕ್ ಮೈಕ್‌ನಲ್ಲಿ ತೆಳ್ಳನೆಯ ಪರದೆಗೆ ತಂತಿಯ ಸುರುಳಿ ಅಂಟಿರುತ್ತದೆ, ಅದು ಆಯಸ್ಕಾಂತದ ನಡುವೆ ಅಲುಗಾಡಿ ಕರೆಂಟ್ ಹುಟ್ಟಿಸುತ್ತದೆ. ಇದಕ್ಕೆ ಹೊರಗಿನಿಂದ ಕರೆಂಟ್ ಬೇಡ. ಮದುವೆ ಮನೆ, ಗಣೇಶನ ಪೆಂಡಾಲು, ಭಜನೆ ಮಂಡಳಿಗಳಲ್ಲಿ ಕೈಯಲ್ಲಿ ಹಿಡಿಯುವ ಮೈಕ್‌ಗಳೆಲ್ಲ ಹೆಚ್ಚಾಗಿ ಇವೇ. ಕಂಡೆನ್ಸರ್‌ನಲ್ಲಿ ಪರದೆ ತುಂಬಾ ಹಗುರ. ಸಣ್ಣ ಸದ್ದಿಗೂ ಅಲುಗುತ್ತದೆ. ಅದಕ್ಕೆ ಕರೆಂಟ್ ಬೇಕು, ಸ್ಟುಡಿಯೊದ ಮೈಕ್ ಆದರೆ ಕೇಬಲ್ ಮೂಲಕವೇ 48 ವೋಲ್ಟ್ ಕೊಡಬೇಕು. ಇದಕ್ಕೆ ಫ್ಯಾಂಟಮ್ ಪವರ್ ಅಂತಾರೆ.

ಡೈನಮಿಕ್ ಮೈಕ್ ಹೊರಗಿನ ಸದ್ದನ್ನು ತಾನಾಗಿ ತಡೆಯುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಅದು ಹಾಗಲ್ಲ. ಅದನ್ನು ಬಾಯಿಗೆ ನಾಲ್ಕು ಬೆರಳು ಹತ್ತಿರ ಇಟ್ಟು ಮಾತಾಡಬಹುದು, ಆಗ ದನಿ ಜೋರಾಗಿ ಸಿಗುತ್ತದೆ, ಗೇನ್ (ಅಂದರೆ ಮೈಕ್‌ನಿಂದ ಬಂದ ದನಿಯನ್ನು ಎಷ್ಟು ಏರಿಸುತ್ತೇವೆ ಎಂಬುದು) ಕಡಿಮೆ ಸಾಕಾಗುತ್ತದೆ, ಮನೆಯ ಸದ್ದು ಹಿಂದೆ ಉಳಿಯುತ್ತದೆ. ಅದನ್ನೇ ಒಂದು ಮೊಳ ದೂರ ಇಟ್ಟು ಗೇನ್ ಏರಿಸಿದರೆ ಫ್ಯಾನೂ ಬರುತ್ತದೆ, ಅದರ ಜೊತೆಗೆ 'ಸ್ಸ್' ಅನ್ನುವ ಶಬ್ದವೂ ಬರುತ್ತದೆ.

ಮಾತು, ಕಥೆ ಓದುವುದು, ಪಾಡ್‌ಕಾಸ್ಟ್, ಗಟ್ಟಿ ದನಿಯ ಹಾಡು, ಭಾಗವತಿಕೆ ಅಭ್ಯಾಸ, ತಬಲಾ, ಮೃದಂಗ, ಚಂಡೆ ಇವಕ್ಕೆಲ್ಲ ಡೈನಮಿಕ್ ಸಾಕು. ವೀಣೆ, ಪಿಟೀಲು, ಕೊಳಲು, ಗಿಟಾರ್ ಥರದ್ದನ್ನು ಒಂದು ಗೇಣಿಗಿಂತ ದೂರದಿಂದ ಹಿಡಿಯಬೇಕು, ತಂತಿಯ ಸಣ್ಣ ಮಿಡಿತವೂ ಬರಬೇಕು ಅಂದರೆ ಕಂಡೆನ್ಸರ್ ಬೇಕು. ಆದರೆ ಅದಕ್ಕೆ ತಕ್ಕ ಸದ್ದಿಲ್ಲದ ಜಾಗವೂ ಬೇಕು. ಊರ ಹೊರಗೆ ತೋಟದ ಮನೆ ಇದ್ದವರು ಪುಣ್ಯವಂತರು.

ಇನ್ನೊಂದು ವಿಷಯ, ಮೈಕ್ ಯಾವ ಕಡೆಯಿಂದ ಕೇಳಿಸಿಕೊಳ್ಳುತ್ತದೆ ಎಂಬುದು. ಡಬ್ಬಿಯ ಮೇಲೆ 'ಕಾರ್ಡಿಯಾಯ್ಡ್' ಅಂತ ಇದ್ದರೆ ಮುಂದಿನಿಂದ ಚೆನ್ನಾಗಿ, ಹಿಂದಿನಿಂದ ಕಡಿಮೆ. 'ಓಮ್ನಿ' ಅಂತ ಇದ್ದರೆ ಎಲ್ಲ ಕಡೆಯಿಂದಲೂ ಒಂದೇ ಸಮ. ಮನೆಗೆ ಕಾರ್ಡಿಯಾಯ್ಡ್ ಇರಲಿ.

ಮೂರನೇ ಹೆಜ್ಜೆ: ಎಲ್ಲಿಗೆ ಚುಚ್ಚುತ್ತೀರಿ?

ಮೈಕ್ ಬಂದಮೇಲೆ ಪಿನ್ ಕೂರುವುದಿಲ್ಲ ಅಂತ ಗೊತ್ತಾದರೆ ಕಷ್ಟ. ಮೊದಲೇ ನೋಡಿಕೊಳ್ಳಿ.

3.5 ಎಂಎಂ ಪಿನ್ ಇರುವ ಮೈಕ್ ಆದರೆ ಪಿನ್ ಮೇಲಿನ ಕಪ್ಪು ಗೆರೆಗಳನ್ನು ಎಣಿಸಿ. ಮೂರು ಗೆರೆ ಇದ್ದರೆ ಫೋನ್‌ಗೆ. ಎರಡೇ ಗೆರೆ ಇದ್ದರೆ ಅದು ಕ್ಯಾಮೆರಾ ಅಥವಾ ಹಳೇ ಕಂಪ್ಯೂಟರಿನ ಗುಲಾಬಿ ತೂತಿಗೆ, ಅದನ್ನು ಫೋನ್‌ಗೆ ಹಾಕಿದರೆ ಫೋನ್ ತನ್ನದೇ ಮೈಕ್‌ನಿಂದ ರೆಕಾರ್ಡ್ ಮಾಡುತ್ತಾ ಹೋಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಅನುಮಾನ ಬಂದರೆ ರೆಕಾರ್ಡ್ ಒತ್ತಿ ಮೈಕ್ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿ, ಆಮೇಲೆ ಫೋನ್ ಮೇಲೆ ತಟ್ಟಿ. ಯಾವುದು ಜೋರಾಗಿ ಕೇಳುತ್ತದೋ ಅದೇ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ. ಈಗಿನ ಎಷ್ಟೋ ಫೋನ್‌ಗಳಲ್ಲಿ ಈ ತೂತೇ ಇಲ್ಲ, ಟೈಪ್-ಸಿ ಕನ್ವರ್ಟರ್ ಬೇಕು. ಅದು ಮೈಕ್‌ಗೂ ಕೆಲಸ ಮಾಡುತ್ತದೆಯೇ, ಬರೀ ಇಯರ್‌ಫೋನ್‌ಗೆ ಮಾತ್ರವೇ ಅಂತ ಅಂಗಡಿಯಲ್ಲೇ ಕೇಳಿ.

ಯುಎಸ್‌ಬಿ ಮೈಕ್ ಸಲೀಸು. ಲ್ಯಾಪ್‌ಟಾಪ್‌ಗೆ ಚುಚ್ಚಿದರೆ ಆಯಿತು. ಬೇರೆ ಪೆಟ್ಟಿಗೆ ಬೇಡ. ಆದರೆ ಒಂದೇ ಕಂಪ್ಯೂಟರಿಗೆ ಎರಡು ಯುಎಸ್‌ಬಿ ಮೈಕ್ ಹಾಕಿ ಇಬ್ಬರನ್ನು ಬೇರೆ ಬೇರೆಯಾಗಿ ರೆಕಾರ್ಡ್ ಮಾಡುವುದು ತಲೆನೋವಿನ ಕೆಲಸ. ಮುಂದೆ ಇಬ್ಬರು ಕೂತು ಮಾತಾಡುವ ಕಾರ್ಯಕ್ರಮದ ಯೋಚನೆ ಇದ್ದರೆ ಈಗಲೇ ಇದನ್ನು ನೆನಪಲ್ಲಿಡಿ.

ಮೂರನೆಯದು ಎಕ್ಸ್‌ಎಲ್‌ಆರ್. ಮೂರು ಪಿನ್ನಿನ ದಪ್ಪ ಕೇಬಲ್. ಇದಕ್ಕೆ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೊ ಇಂಟರ್‌ಫೇಸ್ ಎಂಬ ಪೆಟ್ಟಿಗೆ ಬೇಕು, ಅಂದರೆ ಖರ್ಚು ಜಾಸ್ತಿ. ಆದರೆ ಈ ದಾರಿಯಲ್ಲಿ ಹೋದರೆ ಮೈಕ್ ಒಂದನ್ನೇ ಬದಲಾಯಿಸಬಹುದು, ಪೆಟ್ಟಿಗೆ ಒಂದನ್ನೇ ಬದಲಾಯಿಸಬಹುದು, ಹಾಕಿದ ದುಡ್ಡು ಹಾಳಾಗುವುದಿಲ್ಲ.

ನಾಲ್ಕನೇ ಹೆಜ್ಜೆ: ನಿಮ್ಮ ದುಡ್ಡಿಗೆ ಏನು ಸಿಗುತ್ತದೆ

ಬೆಲೆ ದಿನಾ ಏರಿಳಿಯುತ್ತದೆ, ಕೊಳ್ಳುವ ದಿನ ಎರಡು ಮೂರು ಕಡೆ ನೋಡಿ. ಬೆಂಗಳೂರಿನವರಾದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿನಲ್ಲಿ ಒಂದು ಸುತ್ತು ಹಾಕಿ, ಆನ್‌ಲೈನ್ ಬೆಲೆ ತೋರಿಸಿ ಚೌಕಾಸಿ ಮಾಡಿ.

*ಏನೂ ಇಲ್ಲದಿದ್ದರೆ* ಫೋನ್‌ನಿಂದಲೇ ಶುರು ಮಾಡಿ. ಒಂದು ಗೇಣಿನ ಒಳಗೆ, ಬಾಯಿಗೆ ನೇರ ಅಲ್ಲದೆ ಸ್ವಲ್ಪ ಓರೆಯಾಗಿ, ಪುಸ್ತಕದ ರಾಶಿಗೆ ಒರಗಿಸಿ ಇಟ್ಟು, ಬೆನ್ನ ಹಿಂದೆ ಕಂಬಳಿ ಹಾಕಿ ಓದಿದರೆ, ಬೋಳು ಕೋಣೆಯಲ್ಲಿ ದೂರ ಇಟ್ಟ ಕಂಡೆನ್ಸರ್‌ಗಿಂತ ಎಷ್ಟೋ ಚೆನ್ನಾಗಿ ಬರುತ್ತದೆ.

*ಸಾವಿರದ ಆಸುಪಾಸು* ಇದ್ದರೆ ಕಾಲರ್‌ಗೆ ಸಿಕ್ಕಿಸುವ ವೈರಿನ ಮೈಕ್ ತಗೊಳ್ಳಿ. ಬೋಯಾ ಬಿವೈ-ಎಂ1 ಬಹಳ ಜನ ಬಳಸುವ ಮೈಕ್. 6 ಮೀಟರ್ ವೈರ್ ಇದೆ, ಬೋರ್ಡ್ ಮುಂದೆ ನಿಂತು ಪಾಠ ಮಾಡುವವರಿಗೆ ಹೇಳಿ ಮಾಡಿಸಿದ ಹಾಗಿದೆ. ಅದರ ವೈರಿನಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ, ಫೋನ್‌ಗೆ ಒಂದು ಕಡೆ, ಕ್ಯಾಮೆರಾಗೆ ಇನ್ನೊಂದು ಕಡೆ. ಕ್ಯಾಮೆರಾ ಕಡೆ ಇಟ್ಟಾಗ ಎಲ್‌ಆರ್44 ಬಟನ್ ಸೆಲ್ ಬೇಕು. 'ಮೈಕ್ ಕೆಲಸ ಮಾಡ್ತಿಲ್ಲ' ಎಂಬ ದೂರು ಬಂದರೆ ಮೊದಲು ಈ ಸ್ವಿಚ್ ನೋಡಿ. ಇದು ಓಮ್ನಿ, ಆದ್ದರಿಂದ ಸದ್ದಿನ ಮನೆಯಲ್ಲಿ ಗಲ್ಲಕ್ಕೆ ಆದಷ್ಟು ಹತ್ತಿರ ಸಿಕ್ಕಿಸಿ. ಹಾಡಿಗೆ ಇದು ಬೇಡ.

*ಮೂರು ಸಾವಿರದ ಸುತ್ತಮುತ್ತ* ಸಿಗುವುದೆಲ್ಲ ಹೆಚ್ಚಾಗಿ ಯುಎಸ್‌ಬಿ ಕಂಡೆನ್ಸರ್‌ಗಳು. ಫೈಫೈನ್ ಕೆ669, ಮಾವೊನೊ ಎಯು-ಎ04 ಇಂಥವು. ಮಾವೊನೊ ಸೆಟ್‌ನಲ್ಲಿ ಮೇಜಿಗೆ ಸಿಕ್ಕಿಸುವ ಸ್ಟ್ಯಾಂಡು, ಬಾಯಿಯ ಗಾಳಿ ಮೈಕ್‌ಗೆ ಬಡಿಯದಂತೆ ತಡೆಯುವ ಪಾಪ್ ಫಿಲ್ಟರ್ ಎಲ್ಲ ಜೊತೆಗೇ ಬರುತ್ತದೆ, ಹೊಸಬರಿಗೆ ಅನುಕೂಲ. ಮೈಕ್‌ಗಳೇನೂ ಕೆಟ್ಟವಲ್ಲ. ಆದರೆ ಮೊದಲ ಹೆಜ್ಜೆಯ ಪರೀಕ್ಷೆಯಲ್ಲಿ ನಿಮ್ಮ ಕೋಣೆ ಪಾಸಾಗಿದ್ದರೆ, ಅಂದರೆ ಹೊರಗಿನ ಸದ್ದು, ಪ್ರತಿಧ್ವನಿ ಕಡಿಮೆ ಇದ್ದರೆ ಮಾತ್ರ ಕೊಳ್ಳಿ. ಪಾಸಾಗಿಲ್ಲ ಅಂದರೆ ಇನ್ನೆರಡು ತಿಂಗಳು ಕಾದು ಸ್ವಲ್ಪ ದುಡ್ಡು ಕೂಡಿಸಿ ಅಂತಲೇ ನನ್ನ ಸಲಹೆ.

ಯಾಕೆಂದರೆ *ಐದರಿಂದ ಎಂಟು ಸಾವಿರದ ನಡುವೆ* ಒಳ್ಳೆಯ ಜಾಗ ಇದೆ. ಯುಎಸ್‌ಬಿ ಮತ್ತು ಎಕ್ಸ್‌ಎಲ್‌ಆರ್ ಎರಡೂ ಇರುವ ಡೈನಮಿಕ್ ಮೈಕ್‌ಗಳು ಇಲ್ಲಿಂದ ಶುರು. ಫೈಫೈನ್ ಎಎಂ8, ಸ್ಯಾಮ್ಸನ್ ಕ್ಯೂ2ಯು, ಸ್ವಲ್ಪ ಮೇಲೆ ಹೋದರೆ ಆಡಿಯೊ-ಟೆಕ್ನಿಕಾ ಎಟಿಆರ್2100ಎಕ್ಸ್. ಈಗ ಲ್ಯಾಪ್‌ಟಾಪ್‌ಗೆ ಯುಎಸ್‌ಬಿಯಲ್ಲಿ ಹಾಕಿ ಕೆಲಸ ಶುರು ಮಾಡಿ, ಮುಂದೆ ಇಂಟರ್‌ಫೇಸ್ ಕೊಂಡಾಗ ಅದೇ ಮೈಕನ್ನು ಎಕ್ಸ್‌ಎಲ್‌ಆರ್‌ನಲ್ಲಿ ಹಾಕಿ. ಮಾತಿನ ಕೆಲಸಕ್ಕೆ ಒಂದೇ ಒಂದು ಮೈಕ್ ಕೊಳ್ಳುವುದಾದರೆ ನಾನು ಹೇಳುವುದು ಈ ಗುಂಪಿನದ್ದನ್ನೇ.

ಹಾಡುವವರಿಗೆ ಇನ್ನೊಂದು ದಾರಿ ಇದೆ. ಬೆಹ್ರಿಂಗರ್ ಎಕ್ಸ್‌ಎಂ8500 ಥರದ ಕಡಿಮೆ ಬೆಲೆಯ ಕೈ ಮೈಕ್, ಜೊತೆಗೆ ಅದೇ ಕಂಪನಿಯ ಯುಎಂ2 ಇಂಟರ್‌ಫೇಸ್, ಒಂದು ಎಕ್ಸ್‌ಎಲ್‌ಆರ್ ಕೇಬಲ್, ಒಂದು ಸ್ಟ್ಯಾಂಡು. ಎಲ್ಲ ಸೇರಿ ಮೇಲಿನ ಮೈಕ್‌ಗಳ ಆಸುಪಾಸಿಗೇ ಬಂದು ನಿಲ್ಲುತ್ತದೆ. ಮನೆಯಲ್ಲೋ ಭಜನೆ ಮಂಡಳಿಯಲ್ಲೋ ಆಗಲೇ ಅಹುಜಾ ಮೈಕ್ ಇದ್ದರೆ ಹೊಸ ಮೈಕ್ ಕೂಡ ಬೇಡ. ಮಂಡಳಿಯವರನ್ನು ಕೇಳಿ ತನ್ನಿ, ಇಂಟರ್‌ಫೇಸ್ ಮಾತ್ರ ಕೊಳ್ಳಿ. ಆ ಮೈಕ್‌ನ ಜೊತೆ ಬಂದಿರುವ ಕೇಬಲ್‌ನ ತುದಿಯಲ್ಲಿ ದಪ್ಪ ಜಾಕ್ ಇದ್ದರೆ ಅದನ್ನು ಬಿಟ್ಟು, ಎರಡೂ ತುದಿಯಲ್ಲಿ ಎಕ್ಸ್‌ಎಲ್‌ಆರ್ ಇರುವ ಕೇಬಲ್ ಬಳಸಿ. ಗುಂಯ್‌ಗುಡುವುದು ಎಷ್ಟೋ ಕಡಿಮೆಯಾಗುತ್ತದೆ.

ಹತ್ತು ಸಾವಿರದ ಹತ್ತಿರ ಹೋದರೆ ಎರಡು ಹೆಸರು ಸಾಕು. ಹಾಡಿಗೆ ಶೂರ್ ಎಸ್‌ಎಂ58, 1966ರಿಂದ ಮಾರುಕಟ್ಟೆಯಲ್ಲಿದೆ, ಬಿದ್ದರೂ ಎದ್ದರೂ ಕೆಲಸ ಮಾಡುತ್ತದೆ. ಆದರೆ ನಕಲಿ ತುಂಬಾ ಇವೆ, ಅರ್ಧ ಬೆಲೆಗೆ ಕೊಡುತ್ತೇನೆ ಅಂದರೆ ನಂಬಬೇಡಿ. ಸದ್ದಿಲ್ಲದ ಕೋಣೆ ಮತ್ತು ವಾದ್ಯಕ್ಕೆ ಆಡಿಯೊ-ಟೆಕ್ನಿಕಾ ಎಟಿ2020. ಇದಕ್ಕೆ 48 ವೋಲ್ಟ್ ಬೇಕೇ ಬೇಕು.

ದುಡ್ಡು ಎಲ್ಲಿ ಹಾಳಾಗುತ್ತದೆ

ಬಿಎಂ-800 ಎಂಬ ಹೆಸರಿನಲ್ಲಿ ಚಿನ್ನದ ಬಣ್ಣದ ಜಾಲರಿಯ ದಪ್ಪ ಮೈಕ್, ಬಣ್ಣಬಣ್ಣದ ದೀಪ ಹೊಳೆಯುವ ವಿ8 ಸೌಂಡ್ ಕಾರ್ಡು, ಸ್ಟ್ಯಾಂಡು, ಎಲ್ಲ ಸೇರಿಸಿ ಅಗ್ಗಕ್ಕೆ ಮಾರುತ್ತಾರೆ. ನೋಡಲು ಸ್ಟುಡಿಯೊ ಥರ ಕಾಣುತ್ತದೆ. ಆ ಮೈಕ್ ಸರಿಯಾಗಿ ಕೆಲಸ ಮಾಡಲು 48 ವೋಲ್ಟ್ ಬೇಕು, 3.5 ಎಂಎಂ ತೂತಿನಿಂದ ಬರುವುದು ಕೆಲವೇ ವೋಲ್ಟ್. ದನಿ ಸಣ್ಣಗೆ ಬರುತ್ತದೆ, ಅದನ್ನು ಏರಿಸಿದರೆ ಸೊಯ್ ಅನ್ನುವ ಗದ್ದಲ. ಸೌಂಡ್ ಕಾರ್ಡಿನ ಮೇಲಿರುವ ನಗು, ಚಪ್ಪಾಳೆ ಬಟನ್‌ಗಳಿಂದ ನಿಮಗೆ ಆಗಬೇಕಾದ್ದು ಏನೂ ಇಲ್ಲ.

ಇನ್ನೊಂದು ಕಡೆ, ದೊಡ್ಡ ಪಾಡ್‌ಕಾಸ್ಟ್‌ಗಳಲ್ಲಿ ಎಲ್ಲರ ಮುಂದೆ ಕಾಣುವ ಶೂರ್ ಎಸ್‌ಎಂ7ಬಿ. ಒಳ್ಳೆಯ ಮೈಕೇ. ಆದರೆ ಅದರಿಂದ ಬರುವ ಸಿಗ್ನಲ್ ತುಂಬಾ ಸಣ್ಣದು, ಮಾತಿಗೆ 60 ಡೆಸಿಬೆಲ್‌ನಷ್ಟು ಗೇನ್ ಬೇಕಾಗುತ್ತದೆ, ಅಗ್ಗದ ಇಂಟರ್‌ಫೇಸ್‌ಗಳಿಗೆ ಅಷ್ಟು ಶಕ್ತಿ ಇಲ್ಲ. ಸಾಲ ಮಾಡಿ ಅದನ್ನು ತರಬೇಡಿ. ಹಾಗೇ ಡಬ್ಬಿ ಮೇಲೆ '192 ಕಿಲೋಹರ್ಟ್ಜ್' (ಸೆಕೆಂಡಿಗೆ ಎಷ್ಟು ಸಾವಿರ ಸಲ ದನಿಯನ್ನು ಅಳೆದು ದಾಖಲಿಸುತ್ತದೆ ಎಂಬ ಲೆಕ್ಕ) ಅಂತ ದೊಡ್ಡದಾಗಿ ಬರೆದಿದ್ದರೆ ಅದಕ್ಕಾಗಿ ಜಾಸ್ತಿ ದುಡ್ಡು ಕೊಡಬೇಡಿ. ಮಾತಿಗೂ ಹಾಡಿಗೂ 44.1 ಅಥವಾ 48 ಸಾಕು.

ಇರುವ ದುಡ್ಡನ್ನೆಲ್ಲ ಮೈಕ್‌ಗೇ ಸುರಿಯುವುದೂ ಸರಿಯಲ್ಲ. ಐದರಲ್ಲಿ ಒಂದು ಪಾಲಾದರೂ ಸ್ಟ್ಯಾಂಡು, ಕೇಬಲ್ಲು, ವೈರಿನ ಹೆಡ್‌ಫೋನಿಗೆ ಎತ್ತಿಡಿ. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಹಾಡಲು ಆಗುವುದಿಲ್ಲ, ದನಿ ತಡವಾಗಿ ಕೇಳುತ್ತದೆ. ತಂಬೂರಿ ಆ್ಯಪ್ ಹಾಕಿಕೊಂಡು ಹಾಡುವವರಿಗಂತೂ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಬೇಕು. ಇಲ್ಲದಿದ್ದರೆ ಶ್ರುತಿಯೂ ಮೈಕ್‌ನಲ್ಲಿ ಸೇರಿಕೊಂಡು ಆಮೇಲೆ ಬಿಡಿಸಲು ಬರುವುದಿಲ್ಲ.

ಪಾಪ್ ಫಿಲ್ಟರ್ ಮನೆಯಲ್ಲೇ ಮಾಡಿಕೊಳ್ಳಿ. ಕಸೂತಿ ಹಾಕುವ ಮರದ ರಿಂಗಿಗೆ ಹಳೇ ನೈಲಾನ್ ಸಾಕ್ಸ್ ಬಿಗಿಯಾಗಿ ಎಳೆದು ಕಟ್ಟಿದರೆ ಆಯಿತು. ಅದು ಯಾಕೆ ಬೇಕು ಅಂತ ತಿಳಿಯಬೇಕಾದರೆ ಅಂಗೈಯನ್ನು ಬಾಯಿಯ ಮುಂದೆ ಹಿಡಿದು 'ಫಲ', 'ಭಾರ', 'ಪುಸ್ತಕ' ಅನ್ನಿ. ಗಾಳಿ ಅಂಗೈಗೆ ಬಡಿಯುತ್ತದೆ. ಅದೇ ಗಾಳಿ ಮೈಕ್‌ಗೆ ಬಡಿದರೆ 'ಧಪ್' ಅಂತ ಕೇಳುತ್ತದೆ. ಈಗ ಅಂಗೈಯನ್ನು ತುಟಿಯ ಒಂದು ಮೂಲೆಗೆ ಸರಿಸಿ ಅದೇ ಪದಗಳನ್ನು ಹೇಳಿ, ಗಾಳಿ ತಾಗುವುದೇ ಇಲ್ಲ. ಮೈಕ್ ಇರಬೇಕಾದ ಜಾಗ ಅದೇ: ಬಾಯಿಗೆ ನೇರ ಅಲ್ಲ, ತುಟಿಯ ಮೂಲೆಯಲ್ಲಿ, ಬಾಯಿಯ ಕಡೆಗೆ ತಿರುಗಿಸಿ.

ಕೊನೆಯ ಹೆಜ್ಜೆ: ಬಂದ ದಿನವೇ ಪರೀಕ್ಷೆ ಮಾಡಿ

ವಾಪಸ್ ಕೊಡಲು ಇರುವ ದಿನ ಕಡಿಮೆ. ಡಬ್ಬಿ ಬಿಚ್ಚುವಾಗಲೇ ವಿಡಿಯೊ ಮಾಡಿ, ಬಿಲ್ ಎತ್ತಿಡಿ, ಅವತ್ತೇ ಪರೀಕ್ಷೆ ಮಾಡಿ.

ಮೈಕ್‌ನ ಮುಖ ಯಾವ ಕಡೆ ಇದೆ ನೋಡಿ. ಕೈ ಮೈಕ್‌ಗೆ ತುದಿಯಿಂದ ಮಾತಾಡಬೇಕು. ಎಟಿ2020 ಥರದ್ದಕ್ಕೆ ಪಕ್ಕದಿಂದ, ಹೆಚ್ಚಾಗಿ ಕಂಪನಿಯ ಗುರುತು ಇರುವ ಕಡೆಯಿಂದ. ಅದರ ನೆತ್ತಿಗೆ ಬಾಯಿಟ್ಟು ಮಾತಾಡಿ 'ದನಿ ಮಂಕಾಗಿದೆ' ಅನ್ನುವವರು ಬಹಳ ಜನ.

ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ರೆಕಾರ್ಡಿಂಗ್ ತಂತ್ರಾಂಶ ಹಾಕಿಕೊಳ್ಳಿ, ಉಚಿತ. ನೀವು ಎಷ್ಟು ಜೋರಾಗಿ ಹಾಡುತ್ತೀರೋ ಅಷ್ಟೇ ಜೋರಾಗಿ ಹಾಡುತ್ತಾ ಗೇನ್ ತಿರುಗಿಸಿ. ಅತಿ ಜೋರಿನ ಕಡೆಯಲ್ಲೂ ಮೀಟರ್ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್‌ನ ನಡುವೆ ಇರಲಿ. ಕೆಂಪು ಮುಟ್ಟಿದರೆ ದನಿ ಒಡೆಯುತ್ತದೆ, ಅದನ್ನು ಆಮೇಲೆ ಸರಿ ಮಾಡುವುದು ಕಷ್ಟ. ವಿಂಡೋಸ್‌ನಲ್ಲಿ ಮೈಕ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ತಾನಾಗಿ ಸದ್ದು ತೆಗೆಯುವ ಆಯ್ಕೆಗಳನ್ನು ಆಫ್ ಮಾಡಿ, ಇಲ್ಲದಿದ್ದರೆ ಹಾಡಿನ ನಡುವೆ ದನಿ ಏರಿಳಿಯುತ್ತದೆ.

ಇನ್ನು ಒಂದು ನಿಮಿಷ ಮೌನ ರೆಕಾರ್ಡ್ ಮಾಡಿ ಕೇಳಿ. 'ಗುಂಯ್' ಅಂತ ಒಂದೇ ಸಮನೆ ಕೇಳಿದರೆ ಅದು ಮನೆಯ ಕರೆಂಟಿನ 50 ಹರ್ಟ್ಜ್ ಸದ್ದು ಇರಬಹುದು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು, ಬ್ಯಾಟರಿಯಲ್ಲಿ ಇನ್ನೊಮ್ಮೆ ರೆಕಾರ್ಡ್ ಮಾಡಿ. ನಿಂತುಹೋದರೆ ಮೈಕ್ ಸರಿಯಾಗೇ ಇದೆ, ತೊಂದರೆ ಇರುವುದು ಚಾರ್ಜರ್ ಅಥವಾ ಮನೆಯ ಅರ್ಥಿಂಗ್‌ನಲ್ಲಿ. ಹೆಡ್‌ಫೋನ್ ಹಾಕಿಕೊಂಡು ಕೇಬಲ್‌ನ ಎರಡೂ ತುದಿಯನ್ನು ಮೆಲ್ಲಗೆ ಅಲುಗಾಡಿಸಿ, ಕರಕರ ಅಂದರೆ ಕೇಬಲ್ ಬದಲಾಯಿಸಿ. ಕೇಬಲ್ ಬದಲಾಯಿಸಿದ ಮೇಲೂ ಕರಕರ ಇದ್ದರೆ ಯೋಚನೆ ಮಾಡದೆ ಮೈಕ್ ವಾಪಸ್ ಮಾಡಿ.

ಮಲೆನಾಡು, ಕರಾವಳಿಯವರಿಗೆ ಒಂದು ಮಾತು. ಮಳೆಗಾಲದ ತೇವ ಕಂಡೆನ್ಸರ್‌ಗೆ ಆಗುವುದಿಲ್ಲ, ಒಳಗೆ ತೇವ ಹಿಡಿದರೆ ಚಟಚಟ ಶುರುವಾಗುತ್ತದೆ. ಕೆಲಸ ಮುಗಿದ ಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿಡಿ. ಹೊಸ ಬೂಟು, ಬ್ಯಾಗುಗಳ ಜೊತೆ ಬರುವ ಪೊಟ್ಟಣಗಳನ್ನು ನಂಬಬೇಡಿ, ಅವು ಆಗಲೇ ತೇವ ಕುಡಿದಿರುತ್ತವೆ. ಬಣ್ಣ ಬದಲಾಗುವ ಥರದ್ದನ್ನು ಕೊಂಡರೆ ಯಾವಾಗ ಬದಲಿಸಬೇಕು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಡೈನಮಿಕ್ ಕೈ ಮೈಕ್ ಆದರೆ ಇಷ್ಟು ಆರೈಕೆ ಬೇಡ. ಆಗಾಗ ಜಾಲರಿ ತಿರುಗಿಸಿ ಬಿಚ್ಚಿ, ಒಳಗಿನ ಸ್ಪಂಜಿನ ಸಮೇತ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಮತ್ತೆ ಕೂರಿಸಿ.